ಒಡಪಿನಲ್ಲಿ ಬಂದ ಹೆಸರು

ಬಾಯಿಮಾತನ್ನು ನಾನು ನಂಬುವವನಲ್ಲ. ಇಪ್ಪತ್ತಾರು ವರ್ಷದಿಂದ ಕಲಬುರಗಿಯ ನೋಂದಣಿ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಜನರ ಖರೀದಿ ಪತ್ರ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ಕರಾರು ಪತ್ರ ಬರೆಯುತ್ತ ಬಂದಿದ್ದೇನೆ. ಒಂದೇ ತಾಯಿಯ ಮಕ್ಕಳು ನನ್ನ ಮೇಜಿನ ಆಚೆಗೊಬ್ಬ ಈಚೆಗೊಬ್ಬ ನಿಂತು ‘ನಾ ಹಂಗ ಅಂದೇ ಇಲ್ಲ’ ಎಂದು ದೇವರ ಆಣೆ ಮಾಡುವುದನ್ನು ವಾರಕ್ಕೆ ನಾಲ್ಕು ಸಲ ನೋಡುತ್ತೇನೆ. ಅಂದ ಮಾತನ್ನು ಅಂದವನೇ ನುಂಗಿ ನೀರು ಕುಡಿಯುತ್ತಾನೆ. ಅದಕ್ಕೇ ನಮ್ಮ ಮನೆಯಲ್ಲಿ, ಹಾಲಿನವನು ನಾಳೆ ಬರುವುದಿಲ್ಲ ಎಂದರೆ ಕ್ಯಾಲೆಂಡರಿನ ಮೇಲೆ ಅವನ ಕೈಯಿಂದಲೇ ಗುರುತು ಹಾಕಿಸುತ್ತೇನೆ. ನನ್ನ ಹೆಂಡತಿ ಅಂಬಿಕಾ ಇದಕ್ಕೆ ನಗುತ್ತಾಳೆ. ನಗುತ್ತಿದ್ದಳು ಎನ್ನಬೇಕು.

ಪತ್ರ ಬರೆದ ಮೇಲೆ ಅದನ್ನು ಬರೆಸಿದವರಿಗೆ ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಕಸುಬಿನ ನೇಮ. ಕೊನೆಯ ಸಾಲಿನಲ್ಲಿ ‘ಮಜಕೂರನ್ನು ಓದಿಸಿ ಕೇಳಿ, ಸರಿ ಇದೆಯೆಂದು ಒಪ್ಪಿ ಸಹಿ ಮಾಡಿರುತ್ತೇನೆ’ ಎಂದು ಬರೆದಿರುತ್ತದೆ. ಓದು ಬಂದವರಿಗೂ ಓದಿ ಹೇಳುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಪತ್ರವನ್ನೂ ಓದದೆ ಸಹಿ ಹಾಕಿಸಿಲ್ಲ ಎಂಬ ಜಂಬ ನನಗಿತ್ತು.

ಹೆಂಗಸರು ಬಂದಾಗ ಇನ್ನೊಂದು ಪಜೀತಿ. ‘ಗಂಡನ ಹೆಸರು ಏನವ್ವಾ’ ಎಂದು ಕೇಳಿದರೆ ಅರ್ಧಕ್ಕರ್ಧ ಜನ ಬಾಯಿ ಬಿಡುವುದಿಲ್ಲ. ಚೀಲದಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲೆ ಮುಂದಕ್ಕೆ ಸರಿಸುತ್ತಾರೆ. ಹೆಸರು ತೆಗೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಹಳೆಯ ನಂಬಿಕೆ. ಹೇಳಲೇಬಾರದು ಎಂದೇನೂ ಇಲ್ಲ. ಮದುವೆ, ಗೃಹಪ್ರವೇಶ, ತೊಟ್ಟಿಲ ಕಾರ್ಯ ಇದ್ದಾಗ ಹುಡುಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಹಾಕಿ, ಅಂದರೆ ಎರಡು ಸಾಲಿನ ಪ್ರಾಸದೊಳಗೆ ಗಂಡನ ಹೆಸರು ಸೇರಿಸಿ ಹೇಳಿದ ಮೇಲೆಯೇ ಒಳಗೆ ಬಿಡುತ್ತಾರೆ. ಅಂಬಿಕಾಳ ಬಾಯಲ್ಲಿ ನನ್ನ ಹೆಸರು ಹೀಗೆ ಆರು ಸಲ ಬಂದಿದೆ. ಮೊದಲ ಸಲ ನಮ್ಮ ಮದುವೆಯಲ್ಲಿ:

ಬಿಳಿ ಜ್ವಾಳದ ರೊಟ್ಟಿ, ಮ್ಯಾಲ ಕರಿ ಎಳ್ಳ
ದೌಲಪ್ಪನವರ ಮಾತಿನಾಗ ಇರಂಗಿಲ್ಲ ಸುಳ್ಳ.

ಆಮೇಲಿನ ಐದು ಸಲವೂ ಇದೇ. ಹೊಸದು ಹೇಳು ಎಂದು ಹೆಂಗಸರು ಎಷ್ಟು ಕಾಡಿದರೂ ಅವಳು ಬದಲಿಸಲಿಲ್ಲ. ಅದನ್ನು ಹೇಳುವಾಗ ನಾನು ಚಪ್ಪಲಿ ಹುಡುಕುವವನ ಹಾಗೆ ಆಚೆ ನೋಡುತ್ತಿದ್ದೆ, ಕಿವಿ ಮಾತ್ರ ಬಾಗಿಲಲ್ಲಿ ಇರುತ್ತಿತ್ತು. ಯಾವ ಬಾಯಿಮಾತನ್ನೂ ನಂಬದ ನನಗೆ ಆ ಒಂದು ಮಾತು ಬೇಕಾಗಿತ್ತು. ಇದನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಶ್ರಾವಣ ಮುಗಿದ ಹೊಸದರಲ್ಲಿ ಒಂದು ಮಧ್ಯಾಹ್ನ ಕಚೇರಿಯಲ್ಲಿ ಸರ್ವರ್ ಬಂದ್ ಆಗಿ ಎಲ್ಲರೂ ಸುಮ್ಮನೆ ಕೂತಿದ್ದೆವು. ಪಕ್ಕದ ಮೇಜಿನ ಗುಲಾಮ್ ರಸೂಲ್ ಮೋಮಿನಪುರದವನು. ಹಳೆಯ ಉರ್ದು ದಸ್ತಾವೇಜುಗಳನ್ನು ಓದಿ ಅರ್ಥ ಹೇಳಲು ಈ ಮರದ ಕೆಳಗೆ ಅವನೊಬ್ಬನೇ ಉಳಿದಿದ್ದಾನೆ. ಅವನು ಮೊಬೈಲು ಮುಂದೆ ಹಿಡಿದ.

“ದೌಲಪ್ಪಣ್ಣ, ನಿಮ್ಮ ಸಸುರಾಲಿನ ಹೆಂಗಸರ ಆವಾಜ್ ಬಂದದ ನೋಡ್ರಿ. ಯಾರೋ ಗ್ರೂಪಿನಾಗ ಹಾಕ್ಯಾರ.”

ವಾಟ್ಸಾಪಿನಲ್ಲಿ ಬಂದ ಧ್ವನಿ. ಮೇಲೆ ‘ಕಮಲಾಪುರದ ಒಡಪುಗಳು, ಕಾಲೇಜು ಸಂಗ್ರಹ’ ಎಂದು ಬರೆದಿತ್ತು. ಕಮಲಾಪುರ ಅಂಬಿಕಾಳ ತವರು. ಹೇಳಿದವರ ಹೆಸರಿಲ್ಲ, ಮುಖವಿಲ್ಲ. ಐದು ಹೆಂಗಸರು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಗಂಡಂದಿರ ಹೆಸರು ಹೇಳಿದರು, ಹಿಂದೆ ನಗು ಕೇಳುತ್ತಿತ್ತು. ಆರನೆಯದಕ್ಕೆ ನಗು ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಹೇಳಿದ ಹಾಗಿತ್ತು.

ಕಮಲಾಪುರದ ಕೆಂಪ ಬಾಳಿ, ಬಾಯಿಗಿಟ್ಟರ ಸಿಹಿ
ಯಶವಂತರಾಯರ ಹೆಸರಿಗಿ ನನ್ನ ಉಸಿರೇ ಸಹಿ.

ಎರಡನೆಯ ಸಾಲಿಗೆ ಹೋಗುವ ಮೊದಲು ಅಂಬಿಕಾ ಒಂದು ಗುಟುಕು ನುಂಗುತ್ತಾಳೆ. ಆರು ಸಲ ಕೇಳಿದ್ದೇನೆ. ಈ ಹೆಂಗಸೂ ನುಂಗಿದಳು.

“ಇದು ಭಾಭಿ ಆವಾಜ್...” ಎಂದ ಗುಲಾಮ್ ರಸೂಲ್ ಅಲ್ಲಿಗೇ ನಿಲ್ಲಿಸಿ ಮೊಬೈಲು ಕಿಸೆಗೆ ಹಾಕಿದ. “ಇರಲಿಕ್ಕಿಲ್ಲ ಬಿಡ್ರಿ. ಒಬ್ಬರ ಹಂಗ ಒಬ್ಬರ ಆವಾಜ್ ಇರ್ತದ.”

ಅವನು ಅಷ್ಟು ಬೇಗ ಮುಚ್ಚಿಟ್ಟದ್ದರಿಂದಲೇ ನನಗೆ ಖಾತ್ರಿಯಾಯಿತು.

ಅಂದು ಸಂಜೆ ಮನೆಗೆ ಹೋದಾಗ ಅವಳು ಮೊರದಲ್ಲಿ ತೊಗರಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಯಶವಂತ ಯಾರು ಎಂದು ಕೇಳಲಿಲ್ಲ. ಎದುರಾಳಿಗೆ ಮೊದಲೇ ಪತ್ರ ತೋರಿಸುವ ಮೂರ್ಖ ನಾನಲ್ಲ.

“ಪಂಚಮಿಗಿ ಹೋದಾಗ ಕಮಲಾಪುರದಾಗ ಕಾಲೇಜಿನವರು ಯಾರೋ ಬಂದಿದ್ದರಂತಲ್ಲ, ಒಡಪು ಕೇಳಾಕ?”

ಅವಳ ಕೈ ಬೇಳೆಯ ಮೇಲೆ ನಿಂತಿತು. “ಬಂದಿರಬೇಕ್ರಿ. ನಾ ನೋಡಿಲ್ಲ.”

ಸುಳ್ಳು. ಇಷ್ಟು ವರ್ಷ ಒಲೆ, ದೇವರು, ಹಾಸಿಗೆ ಎಲ್ಲ ಹಂಚಿಕೊಂಡವಳು ನನ್ನ ಮುಖ ನೋಡದೆ ಸುಳ್ಳು ಹೇಳಿದಳು. ನನಗೆ ಸಿಟ್ಟಿಗಿಂತ ಮೊದಲು ಹೆದರಿಕೆಯಾಯಿತು.

ಅಲ್ಲಿಂದ ಮುಂದೆ ಕಣ್ಣಿಗೆ ಕಂಡದ್ದೆಲ್ಲ ಅದೇ ಆಯಿತು. ಫೋನು ಬಂದರೆ ಅವಳು ಮಾಳಿಗೆ ಹತ್ತುತ್ತಾಳೆ. ಕರೆಪಟ್ಟಿಯಲ್ಲಿ ಹೆಸರಿಲ್ಲದ ಒಂದು ನಂಬರು ಮೂರು ಸಲ ಇದೆ. ತಾಯಿಗೆ ಮೈ ಹುಷಾರಿಲ್ಲ ಎಂದು ತಿಂಗಳಿಗೆ ಎರಡು ಸಲ ತವರಿಗೆ ಹೋಗುತ್ತಾಳೆ, ಬರುವಾಗ ಒಂದು ಗೊನೆಯಿಂದ ಮುರಿದ ನಾಲ್ಕೈದು ಕೆಂಪು ಬಾಳೆಹಣ್ಣು ತರುತ್ತಾಳೆ. ಹಣ್ಣನ್ನು ಕೊಟ್ಟವರು ಯಾರು? ಹಳೆಯ ಡೈರಿಯೊಂದರಲ್ಲಿ ಎಲ್ಲ ಬರೆದಿಟ್ಟೆ, ದಿನಾಂಕ, ವೇಳೆ, ಕಂಡದ್ದು, ಕೇಳಿದ್ದು. ಆ ಹಣ್ಣನ್ನು ತಿನ್ನುವುದನ್ನೂ ಬಿಟ್ಟೆ.

ಗುಲಾಮ್ ರಸೂಲನ ಕಂಪ್ಯೂಟರಿನಲ್ಲಿ ಕಮಲಾಪುರದ ಮತದಾರರ ಪಟ್ಟಿ ತೆಗೆಸಿದೆ. ಅಂಬಿಕಾಳ ತವರುಮನೆಯ ಓಣಿ, ಅದರ ಹಿಂದಿನ ಓಣಿ, ಗಂಡಸರ ಹೆಸರೆಲ್ಲದರ ಮೇಲೂ ಬೆರಳಿಟ್ಟು ಓದಿದೆ. ಒಬ್ಬ ಯಶವಂತನೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಎಂದರೆ ಹೊರಗಿನಿಂದ ಬಂದು ಹೋಗುವವನು, ಬಾಡಿಗೆಗೆ ಇರುವವನು, ಇನ್ನೂ ಕೆಟ್ಟವನು.

“ಅರೆ ಭಾಯಿ, ಕಾಯ್ಕು ಇಷ್ಟು ಶಕ್ ಮಾಡ್ತೀರಿ?” ಎಂದ ಗುಲಾಮ್ ರಸೂಲ್. “ನಮ್ಮ ನಿಕಾಹದಾಗ ಮೊದಲು ಬಾಯಿಂದ ಕಬೂಲ್ ಅನ್ನಬೇಕು, ಆಮ್ಯಾಲ ಸಹಿ. ಬಾಯಿಗಿ ಅಷ್ಟು ಕಿಮ್ಮತ್ತು ಅದ. ಭಾಭಿಗಿ ಸೀದಾ ಕೇಳ್ರಿ.”

“ಕೇಳೀನಿ. ಸುಳ್ಳ ಹೇಳ್ಯಾಳ.”

“ಏನ್ ಕೇಳೀರಿ? ಯಶವಂತ ಯಾರು ಅಂತೋ, ಕಾಲೇಜಿನವರು ಬಂದಿದ್ರೇನು ಅಂತೋ?”

ನಾನು ಪಟ್ಟಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಮಹಾಗಾಂವದಲ್ಲಿ ಒಬ್ಬರ ಹೊಲದ ಕಾಗದ ನೋಡುವುದಿದೆ ಎಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದೆ. ಮಹಾಗಾಂವ ಕ್ರಾಸಿನಲ್ಲಿ ಇಳಿಯಲಿಲ್ಲ. ಕಮಲಾಪುರ ಬಸ್ ನಿಲ್ದಾಣದ ಹತ್ತಿರ ಹಣ್ಣು ಮಾರುವವನನ್ನು, ಇಲ್ಲಿ ಯಶವಂತ ಅಂತ ಯಾರಾದರೂ ಇದ್ದಾರೇನು ಎಂದು ಕೇಳಿದೆ.

“ಯಾವ ಯಶವಂತ್ರಿ? ಅಡ್ಡಹೆಸರು ಹೇಳ್ರಿ,” ಎಂದ. ನನ್ನ ಹತ್ತಿರ ಅಡ್ಡಹೆಸರು ಇರಲಿಲ್ಲ. ವಯಸ್ಸೂ ಗೊತ್ತಿರಲಿಲ್ಲ. ಹೆಂಡತಿಯ ಬಾಯಲ್ಲಿ ಕೇಳಿದ ಹೆಸರು ಎಂದು ಹೇಳುವುದು ಹೇಗೆ?

ಅತ್ತೆ ಲಲಿತಾಬಾಯಿ ಹೇಳದೆ ಕೇಳದೆ ಬಂದ ಅಳಿಯನನ್ನು ಕಂಡು ಗಡಿಬಿಡಿಯಾದರು. ಅಡುಗೆಮನೆಯಲ್ಲಿ ಪಕ್ಕದ ಮನೆಯ ತುಳಜಾಬಾಯಿ ಅವರಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಐವತ್ತೈದರ ಆಸುಪಾಸು. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವಳ ಗಂಡ ಇಡೀ ಓಣಿಗೆ ‘ಗಿರಣಿ ಕಾಕಾ’. ಅವನು ಸತ್ತು ಹನ್ನೊಂದು ವರ್ಷ. ಹುಡುಗಿಯರ ಮದುವೆ ಎಂದರೆ ಒಡಪು ಕಟ್ಟಿಕೊಡುವವಳು ಇವಳೇ. ಅಂಬಿಕಾಳ ರೊಟ್ಟಿ-ಎಳ್ಳಿನ ಒಡಪನ್ನೂ ಇವಳೇ ಕಟ್ಟಿದ್ದಂತೆ.

ನೀರು ಕುಡಿದು, ಚಾ ಬರುವುದರೊಳಗೆ ಕೇಳಿಬಿಟ್ಟೆ. “ಅತ್ತಿ, ಯಶವಂತ ಅಂದ್ರ ಯಾರು?”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಗ್ಗಿ, ದನಿ ಇಳಿಸಿದರು.

“ಆ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ. ಕೈ ಮುಗೀತೀನಿ.”

“ಯಾಕ?”

“ಬ್ಯಾಡಂದ್ರ ಬ್ಯಾಡ್ರಿ. ಚಾ ಕುಡೀರಿ.”

ಹಾಗಾದರೆ ತವರುಮನೆಗೂ ಗೊತ್ತು. ಇಡೀ ಮನೆ ಸೇರಿ ಮುಚ್ಚಿಟ್ಟಿದೆ. ಚಾ ಕುಡಿಯದೆ ಎದ್ದು ಬಂದೆ. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಹಚ್ಚಿ ಕೂತು, ನನ್ನ ಹೆಸರನ್ನು ನಾನೇ ಒಂದು ಸಲ ಮೆಲ್ಲಗೆ ಹೇಳಿಕೊಂಡೆ. ಏನೂ ಅನ್ನಿಸಲಿಲ್ಲ.

ಮರುದಿನ ಮುಂಜಾನೆ ಮೇಜಿಗೆ ಹೋದವನೇ ಇ-ಸ್ಟಾಂಪ್ ಕಾಗದ ತೆಗೆಸಿದೆ. ಇಂಥ ಪತ್ರ ಬರೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ‘ನಾನು ಅಂಬಿಕಾ ಗಂಡ ದೌಲಪ್ಪ, ವಯಸ್ಸು ನಲವತ್ತೇಳು, ಮನೆಗೆಲಸ, ಸಾಕಿನ್ ಕಲಬುರಗಿ, ಈ ಮೂಲಕ ಪ್ರಮಾಣ ಮಾಡಿ ಹೇಳುವುದೇನೆಂದರೆ, ಯಶವಂತರಾಯ ಎಂಬ ವ್ಯಕ್ತಿಯೊಂದಿಗೆ ನನಗೆ ಹಿಂದಾಗಲಿ ಇಂದಾಗಲಿ ಯಾವುದೇ ತರಹದ ಅನೈತಿಕ ಸಂಬಂಧ ಇರುವುದಿಲ್ಲ, ಮುಂದೆ ಇದ್ದುದು ಕಂಡುಬಂದಲ್ಲಿ...’ ಹೀಗೆ ಹನ್ನೆರಡು ಸಾಲು. ಕೊನೆಗೆ, ಓದಿಸಿ ಕೇಳಿ ಒಪ್ಪಿ ಸಹಿ. ಗುಲಾಮ್ ರಸೂಲ್ ತನ್ನ ಪ್ರಿಂಟರಿನಿಂದ ಹಾಳೆ ತೆಗೆದು ಕೊಡುವಾಗ ನನ್ನ ಮುಖ ನೋಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಕಾಗದವನ್ನು ಅವಳ ಮುಂದಿಟ್ಟೆ.

“ಏನ್ರಿ ಇದು?”

“ಓದು. ಓದಿ ಸಹಿ ಮಾಡು.”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಮೇಜಿಗಿ ಬಂದವರಿಗೆಲ್ಲ ನೀವ ಓದಿ ಹೇಳ್ತೀರಿ. ನನಗೂ ಓದಿ ಹೇಳ್ರಿ.”

ಓದತೊಡಗಿದೆ. ‘ನಾನು ಅಂಬಿಕಾ ಗಂಡ ದೌಲಪ್ಪ, ವಯಸ್ಸು ನಲವತ್ತೇಳು, ಮನೆಗೆಲಸ, ಸಾಕಿನ್ ಕಲಬುರಗಿ’ ಎನ್ನುವವರೆಗೆ ನಾಲಿಗೆ ನಡೆಯಿತು. ಮುಂದಿನದು ಬಾಯಿಗೆ ಬರಲಿಲ್ಲ. ಬೆಳಿಗ್ಗೆ ಬೆರಳಿನಿಂದ ಸರಸರನೆ ಇಳಿದ ಸಾಲು ಅದು. ಕೆಮ್ಮಿದೆ, ನೀರು ಕುಡಿದೆ. ಅವಳು ಕಾಗದ ತೆಗೆದುಕೊಂಡು ತಾನೇ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಏಳನೆಯ ಇಯತ್ತೆ ಓದಿದವಳು. ಬೆರಳು ಎಲ್ಲಿ ನಿಂತಿತೆಂದು ನನಗೆ ಕಂಡಿತು.

“ಈ ಮಾತು ನಿಮಗ ಬಾಯಿಲೇ ಕೇಳಾಕ ಆಗಲಿಲ್ಲೇನ್ರಿ?”

“ಯಾರು ಅಂವ?”

“ಮಾತು ಕೊಟ್ಟೀನಿ. ಹೇಳಾಕ ಬರಂಗಿಲ್ಲ.”

“ಯಾರಿಗಿ ಮಾತು ಕೊಟ್ಟೀ?”

“ಅದೂ ಹೇಳಾಕ ಬರಂಗಿಲ್ಲ. ಅವತ್ತ ಬ್ಯಾಳಿ ಆರಸುವಾಗ ಸುಳ್ಳ ಹೇಳೀನಿ, ಅದು ಖರೆ. ಆದ್ರ ನಿಮಗ ನಾ ತಪ್ಪಿ ನಡದಿಲ್ಲ. ಬಾಯಿಮಾತಿದು. ನಂಬಂಗಿದ್ರ ನಂಬ್ರಿ.”

ಈಗ ಯೋಚಿಸಿದರೆ ಅಲ್ಲೇ ನಿಲ್ಲಿಸಬಹುದಾಗಿತ್ತು. ಆದರೆ ನಾನು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದೆ. “ನನಗ ಬಾಯಿಮಾತು ನಡಿಯಂಗಿಲ್ಲ.”

ಅವಳು ಸಹಿ ಮಾಡಿದಳು. ಕಾಗದ ತೆಗೆದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. “ಅಸಲು ನನ್ನ ಹತ್ರ ಇರ್ಲಿ. ನಿಮಗ ಝೆರಾಕ್ಸ್ ಸಾಕು,” ಎಂದು ಮಡಿಚಿ ಕುಂಕುಮದ ಡಬ್ಬಿ ಇಡುವ ಪರ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ಊಟಕ್ಕೆ ಬಡಿಸಿದಳು. ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇತ್ತು.

ನಾಲ್ಕು ದಿನದ ಮೇಲೆ, ಹನ್ನೊಂದು ಗಂಟೆಯ ಸುಮಾರಿಗೆ, ತುಳಜಾಬಾಯಿ ನನ್ನ ಮೇಜಿನ ಎದುರು ಬಂದು ನಿಂತಳು. ಕಮಲಾಪುರದಿಂದ ಒಬ್ಬಳೇ ಬಂದಿದ್ದಳು. ಸೆರಗು ತಲೆಯ ಮೇಲಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

“ಒಂದು ಕಾಗದ ಬರೀಬೇಕಾಗಿತ್ರಿ.”

ಇವಳು ಒಳಗಿದ್ದಾಗಲೇ ಅಲ್ಲವೇ ಅತ್ತೆ ನನಗೆ ಕೈ ಮುಗಿದದ್ದು ಎಂದು ಮುಜುಗರವಾಯಿತು. ಕುರ್ಚಿ ತೋರಿಸಿ, ಹಾಳೆ ತೆಗೆದು, ದಿನವೂ ಕೇಳುವುದನ್ನೇ ಕೇಳಿದೆ. “ಪೂರ್ತಿ ಹೆಸರು ಹೇಳ್ರಿ.”

“ತುಳಜಾಬಾಯಿ.”

“ಗಂಡನ ಹೆಸರು?”

ಅವಳು ಚೀಲದಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು. ನಾನು ಓದಿದೆ. ಮತ್ತೆ ಓದಿದೆ. ಗಂಡ: ಯಶವಂತರಾಯ.

ಮತದಾರರ ಪಟ್ಟಿಯಿಂದ ಅವನ ಹೆಸರನ್ನು ಹೊಡೆದು ಹಾಕಿ ಹನ್ನೊಂದು ವರ್ಷವಾಗಿರಬೇಕು. ಹೆಂಗಸರ ಹೆಸರಿನ ಕೆಳಗೆ ಗಂಡನ ಹೆಸರು ಇರುತ್ತದೆ, ಅದನ್ನು ನಾನು ಓದಿಯೇ ಇರಲಿಲ್ಲ. ಓಣಿಯಲ್ಲಿ ಅವನು ಗಿರಣಿ ಕಾಕಾ. ನನ್ನ ಕೈಯಲ್ಲಿದ್ದ ಪೆನ್ನು ಕೆಳಗಿಡಲು ನೋಡಿದೆ.

“ಇಡಬ್ಯಾಡ್ರಿ. ಬರೀರಿ,” ಎಂದಳು ತುಳಜಾಬಾಯಿ. “ನಿಮಗ ಕಾಗದದ ಮ್ಯಾಲಿದ್ರನ ತಿಳೀತದ ಅಂತ ಅಂಬಿಕಾ ಹಿಂದಕ ನಗಾಡಿ ಚಾಷ್ಟಿ ಮಾಡಿ ಹೇಳ್ತಿದ್ದಳು. ಅದಕ್ಕ ಕಾಗದಕ್ಕೇ ಬಂದೀನಿ. ನೀವು ಅವತ್ತ ಬಂದು ಆ ಹೆಸರು ಕೇಳಿದ್ರಿ. ನಾ ಒಳಗ ಇದ್ದೆ, ನನಗ ನೋವಾಗ್ತದಂತ ನಿಮ್ಮ ಅತ್ತಿ ಬ್ಯಾಡ ಅಂದ್ರು. ಆವಾಗೇ ಹೊರಗ ಬಂದು ಹೇಳಬೇಕಿತ್ತು, ಧೈರ್ಯ ಆಗಲಿಲ್ಲ.”

ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಕಾಲೇಜಿನ ಪಂಚಶೀಲಾ ಮೇಡಂ ಬಂದು ಲಲಿತಾಬಾಯಿಯವರ ಅಂಗಳದಲ್ಲಿ ಹೆಂಗಸರ ಒಡಪುಗಳನ್ನು ಧ್ವನಿಮುದ್ರಣ ಮಾಡಿಕೊಂಡಳು. ಎಲ್ಲರ ಒಡಪೂ ತುಳಜಾಬಾಯಿ ಕಟ್ಟಿದ್ದು. ನಿಮ್ಮದೂ ಒಂದು ಹೇಳಿ ಎಂದು ಮೇಡಂ ಕೇಳಿದಳು. ಗಂಡ ಸತ್ತವಳು ಒಡಪು ಹೇಳುವುದಿಲ್ಲ ಎಂಬುದು ಆ ಮೇಡಮ್ಮಿಗೆ ಹೊಳೆಯಲಿಲ್ಲವೋ, ಹೊಳೆದೇ ಕೇಳಿದಳೋ. ಅಂಗಳದ ಹೆಂಗಸರೆಲ್ಲ ನೆಲ ನೋಡಿದರು.

“ನಾನ ನನ್ನ ಮದಿವ್ಯಾಗ ಕಟ್ಟಿ ಹೇಳಿದ ಒಡಪ್ರಿ ಅದು. ಅವರಿದ್ದಾಗ ಸಾವಿರ ಸಲ ಹೇಳೀನಿ. ಅವರು ಹೋದಮ್ಯಾಲ ಒಮ್ಮಿನೂ ಹೇಳಿಲ್ಲ. ನಾ ಸತ್ರ ಅದೂ ನನ್ನ ಸಂಗಟ ಹೋಗ್ತದ. ಎಲ್ಲರೂ ಮನಿಗಿ ಹೋದಮ್ಯಾಲ ನಾ ಒಳಗ ಕೂತು ಅತ್ತುಬಿಟ್ಟೆ. ಅಂಬಿಕಾ ನೋಡಿದಳು. ‘ನೀ ನನಗ ಕಲಿಸು, ನಾ ಹೇಳ್ತೀನಿ. ನನ್ನ ಬಾಯಿ ನಿನಗ ಕೊಡ್ತೀನಿ’ ಅಂದಳು. ಮೇಡಂ ಇನ್ನಾ ಅಲ್ಲೇ ಇದ್ದರು, ಕ್ವಾಣಿ ಬಾಗಲಾ ಹಾಕಿ ಅವರ ಮೊಬೈಲಿನಾಗ ಹೇಳಿದಳ್ರಿ. ಹೆಸರು ಸೈತ ಹೇಳಿದಳು. ಯಾರಿಗೂ ಹೇಳಬ್ಯಾಡ ಅಂತ ನಾನ ಮಾತು ತಗೊಂಡೆ. ನಮ್ಮ ಭಾವನ ಮನ್ಯಾಗ ತಿಳದ್ರ ನನ್ನ ಊರಾಗ ಇರಗೊಡಂಗಿಲ್ಲ. ಗಂಡಗ ಹೇಳಲೇನು ಅಂತ ಫೋನಿನಾಗ ಕೇಳಿದಳು ಅಕಿ, ಮೂರು ಸಲ. ಬ್ಯಾಡ ಅಂದೆ ನಾ.”

ಒಂದು ಸಾಲು ತಪ್ಪಿ, ಹೊಡೆದು ಮತ್ತೆ ಬರೆದೆ. ಡೈರಿಯಲ್ಲಿ ನಾನು ಬರೆದಿಟ್ಟ ಹೆಸರಿಲ್ಲದ ನಂಬರು ಇವಳದು. ಹಣ್ಣೂ ಇವಳ ಹಿತ್ತಲಿನವೇ ಇರಬೇಕು ಎಂದುಕೊಂಡೆ, ಕೇಳಲಿಲ್ಲ.

“ಬರದಾತೇನ್ರಿ? ಓದಿ ಹೇಳ್ರಿ ಈಗ.”

ಓದಲೇಬೇಕಾಯಿತು. ಗುಲಾಮ್ ರಸೂಲ್ ತನ್ನ ಕೆಲಸ ಬಿಟ್ಟು ಕೂತಿದ್ದ, ಛಾಪಾ ಕಾಗದಕ್ಕೆ ಬಂದ ಇಬ್ಬರು ನಿಂತಿದ್ದರು. ಎಲ್ಲರ ನಡುವೆ ಗಟ್ಟಿಯಾಗಿ ಓದಿದೆ. ‘ನಾನು ತುಳಜಾಬಾಯಿ ಗಂಡ ದಿವಂಗತ ಯಶವಂತರಾಯ, ಸಾಕಿನ್ ಕಮಲಾಪುರ, ಬರೆದುಕೊಡುವುದೇನೆಂದರೆ, ನಾನು ಹೇಳಬಾರದ ಹೆಸರನ್ನು ಅಂಬಿಕಾ ನನ್ನ ಪರವಾಗಿ ಹೇಳಿರುತ್ತಾಳೆ. ಇದರಲ್ಲಿ ಅವಳ ತಪ್ಪು ಏನೂ ಇರುವುದಿಲ್ಲ...’ ಪೂರ್ತಿ ಓದಿ ಮುಗಿಸಿದಾಗ ನನಗೆ ತಲೆ ಎತ್ತಲು ಆಗಲಿಲ್ಲ.

“ಮೊದಲಿನ ಸಾಲು ಇನ್ನೊಮ್ಮಿ ಓದ್ರಿ,” ಎಂದಳು.

ಏನಾದರೂ ತಪ್ಪಾಗಿದೆಯೇನೋ ಎಂದು ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ‘ಯಶವಂತರಾಯ’ ಎಂಬಲ್ಲಿ ಅವಳ ತುಟಿ ಅಲುಗಿತು. ಆಗ ತಿಳಿಯಿತು, ತಪ್ಪು ಹುಡುಕಲು ಕೇಳಿದ್ದಲ್ಲ. ಕೇಳದಿದ್ದರೂ ಮೂರನೆಯ ಸಲ ನಾನೇ ಓದಿದೆ. ಅವಳು ಸಹಿ ಮಾಡಿ, ಕಾಗದವನ್ನು ನನ್ನ ಕಡೆಗೇ ತಳ್ಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಅಂದು ಮೇಜು ಎತ್ತಿ ಬೇಗ ಮನೆಗೆ ಹೋದೆ. ಅಂಬಿಕಾ ಒಗೆದ ಬಟ್ಟೆ ಮಡಿಚುತ್ತಿದ್ದಳು. ತುಳಜಾಬಾಯಿಯ ಕಾಗದ ಅವಳ ಮುಂದಿಟ್ಟೆ. ಅವಳು ಅದನ್ನು ಓದಲಿಲ್ಲ, ಯಾರದೆಂದು ಸಹಿ ನೋಡಿ ಪಕ್ಕಕ್ಕಿಟ್ಟಳು.

“ತಪ್ಪಾತು,” ಎಂದೆ.

“ಇದು ಬಾಯಿಮಾತೇನ್ರಿ?” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಹಾಲಿನವನು ಬಂದಿದ್ದನೇ ಎಂದು ಕೇಳುವ ದನಿಯಲ್ಲಿ ಕೇಳಿ, ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ದೀಪಾವಳಿಯಾದ ಮೇಲೆ ಅವಳ ತಮ್ಮ ವಿವೇಕಾನಂದ ಕಮಲಾಪುರದಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ. ಈ ನಡುವೆ ಅವಳು ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಗ್ಯಾಸು ಬಂತು, ಕರೆಂಟು ಹೋಯಿತು, ಎಲ್ಲ ಹೇಳುತ್ತಿದ್ದಳು. ನಾನು ಮಾತ್ರ ಆ ದಿನಕ್ಕಾಗಿ ಕಾದಿದ್ದೆ. ಬಾಗಿಲಲ್ಲಿ ಕೇಳಿದರೆ ಹೇಳಲೇಬೇಕಲ್ಲ, ಏಳನೆಯ ಸಲ ಹೆಸರು ಬಂದೇ ಬರುತ್ತದಲ್ಲ ಎಂದು.

ಚಪ್ಪರದ ಕೆಳಗೆ ಜನ ತುಂಬಿದ್ದರು. ನೀರಿನ ಡ್ರಮ್ಮಿನ ಹತ್ತಿರ, ಎಲ್ಲರಿಂದ ಹಿಂದೆ, ತುಳಜಾಬಾಯಿ ನಿಂತಿದ್ದಳು. ಓಣಿಯ ಹುಡುಗಿಯರು ಹೊಸ ಬಾಗಿಲಿಗೆ ಕೈ ಅಡ್ಡ ಹಿಡಿದರು.

“ಅತ್ತಿ, ಒಡಪು ಹಾಕಿ ಮಾವನ ಹೆಸರು ಹೇಳಿ ಒಳಗ ಬಾ.”

ಎಂದಿನ ಹಾಗೆ ಮುಖ ತಿರುಗಿಸಲಿಲ್ಲ. ಈ ಸಲ ನೇರವಾಗಿ ಅವಳನ್ನೇ ನೋಡುತ್ತ ನಿಂತೆ. ಅಂಬಿಕಾ ಪರ್ಸು ತೆಗೆದಳು. ಒಳಗಿನಿಂದ ಆ ಕಾಗದ ಬಂತು. ಮೊದಲ ಸಾಲೊಂದೇ ಕಾಣುವ ಹಾಗೆ, ಅದರ ಕೆಳಗಿನದೆಲ್ಲ ಹಿಂದಕ್ಕೆ ಹೋಗುವ ಹಾಗೆ ಮಡಿಚಿಟ್ಟಿದ್ದಳು. ಯಶವಂತರಾಯ ಹಿಂಬದಿಯಲ್ಲಿದ್ದ. ತುಳಜಾಬಾಯಿಯ ಮರ್ಯಾದೆಯನ್ನು ಅಲ್ಲಿಯೂ ಬಿಟ್ಟಿರಲಿಲ್ಲ ಅವಳು. ಕಾಗದವನ್ನು ಕೈಯಿಂದ ಬಿಡದೆ ಹುಡುಗಿಯ ಮುಂದೆ ಹಿಡಿದಳು.

“ಅವರ ಹೆಸರು ಇದರಾಗ ಬರದದ. ಸ್ಟಾಂಪ್ ಸೈತ ಅದ. ಓದಿಕೋ.”

“ನಾನು ಅಂಬಿಕಾ ಗಂಡ ದೌಲಪ್ಪ,” ಎಂದು ಹುಡುಗಿ ಓದಿದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬಾಂಡ್ ರೈಟರ್ ಹೆಂಡತಿ ಅಂದರೆ ಹೀಗಿರಬೇಕು ಎಂದು ಯಾರೋ ಅಂದರು. ನಕ್ಕ ಭರಕ್ಕೆ ಹುಡುಗಿಯರ ಕೈ ಸಡಿಲವಾಯಿತು, ಅಂಬಿಕಾ ಹೊಸ್ತಿಲು ದಾಟಿದಳು. ನಗದೆ ಉಳಿದವರು ಇಬ್ಬರೇ, ನಾನು ಮತ್ತು ಡ್ರಮ್ಮಿನ ಹತ್ತಿರ ನಿಂತವಳು.

ಹುಡುಗಿಯರು ಮತ್ತೆ ಕೈ ಅಡ್ಡ ಹಾಕಿದರು. “ಮಾವ, ಈಗ ನಿಮ್ಮ ಪಾಳಿ. ಕಾಗದ ನಡಿಯಂಗಿಲ್ಲ ನೋಡ್ರಿ.”

ಗಂಡಸರನ್ನು ಕೇಳುವುದು ಚಾಷ್ಟಿಗೆ. ಕೈ ಬೀಸಿ ನುಗ್ಗಿ ಹೋದರೂ ಯಾರೂ ಏನೂ ಅನ್ನುವುದಿಲ್ಲ, ಇಷ್ಟು ವರ್ಷ ಹಾಗೇ ಮಾಡಿದ್ದೆ. ಅಂಬಿಕಾ ಎಂದು ಅವಳನ್ನು ಕೂಗಿದ್ದೂ ಇಲ್ಲ. ‘ಏ ಕೇಳ್ತಿಯೇನ’ ಎಂಬುದರಲ್ಲೇ ಸಂಸಾರ ನಡೆದಿತ್ತು. ಅವಳು ಒಳಗೆ ನನಗೆ ಬೆನ್ನು ಮಾಡಿ, ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನಾನು ಗಟ್ಟಿಯಾಗಿ ಹೇಳಿದೆ.

ಬಿಳಿ ಜ್ವಾಳದ ರೊಟ್ಟಿ, ಮ್ಯಾಲ ಕರಿ ಎಳ್ಳ
ಅಂಬಿಕಾನ ಬಗ್ಗಿ ನಾ ಬರದದ್ದೆಲ್ಲ ಸುಳ್ಳ.

ಮತ್ತೆ ನಗು ಎದ್ದಿತು. ಎರಡನೆಯ ಸಾಲಿಗೆ ಮೊದಲು ನಾನೂ ಒಂದು ಗುಟುಕು ನುಂಗಿದ್ದೆ, ಬೇಕೆಂದು ಅಲ್ಲ. ಅವಳ ಕೈ ಎಣ್ಣೆಯ ಮಿಳ್ಳೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿತು. ತಿರುಗಲಿಲ್ಲ.

“ಚಪ್ಪಲಿ ಹೊರಗ ಬಿಟ್ಟು ಬರ್ರಿ,” ಎಂದಳು.

ಅದಾದ ಮೇಲೆ ಒಂದು ಮದುವೆ ಆಗಿದೆ, ಎರಡು ತೊಟ್ಟಿಲ ಕಾರ್ಯ ಆಗಿವೆ. ಪ್ರತಿ ಬಾಗಿಲಲ್ಲೂ ಅವಳು ಆ ಕಾಗದವನ್ನೇ ತೆಗೆಯುತ್ತಾಳೆ. ಜನರಿಗೆ ಈಗ ಅದೇ ಅವಳ ಒಡಪು. ನಾನು ಮಾತ್ರ ಪ್ರತಿ ಸಲ ಹತ್ತಿರ ನಿಂತು ಕಾಗದವನ್ನು ನೋಡುತ್ತೇನೆ. ತೆಗೆದು ಮಡಿಚಿ, ತೆಗೆದು ಮಡಿಚಿ, ಮಡಿಕೆ ಸರಿಯಾಗಿ ನನ್ನ ಹೆಸರಿನ ಮೇಲೆ ಸವೆಯುತ್ತಿದೆ. ‘ದೌ’ ಆಗಲೇ ಹರಿದಿದೆ. ಪೂರ್ತಿ ಹರಿದ ದಿನ ಹೆಸರನ್ನು ಬಾಯಿಂದ ಹೇಳುತ್ತಾಳೇನೋ ಎಂದು ಕಾಯುತ್ತಿದ್ದೇನೆ.